ವಸಡಿಗೆ ಮಾತ್ರೆ, ಮೇಷ್ಟರಿಗೆ ಪಾಠ



ಹೋದ ತಿಂಗಳು ಬೆಂಗಳೂರಿನಿಂದ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. 1996ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವನು. ಕ್ಷೇಮ ಸಮಾಚಾರವೆಲ್ಲ ಆದ ಮೇಲೆ ಸ್ವಲ್ಪ ಸಂಕೋಚದಿಂದ, "ಸಾರ್, ಹಲ್ಲುಜ್ಜುವಾಗ ವಸಡಿನಲ್ಲಿ ರಕ್ತ ಬರ್ತಿದೆ. ಡಾಕ್ಟರು ನಾಲ್ಕು ಸಲ ಬಂದು ಕ್ಲೀನ್ ಮಾಡಿಸ್ಕೊಳ್ಳಿ ಅಂತಾರೆ. ನೀವು ಆಗ ಒಂದು ಮಾತ್ರೆ ತಗೊಳ್ತಿದ್ರಲ್ಲ, ಅದರ ಹೆಸರು ಹೇಳ್ತೀರಾ?" ಎಂದು ಕೇಳಿದ.

ನಾನು ತಬ್ಬಿಬ್ಬಾದೆ. ಅಂದು ನಾನು ಕಲಿಸಿದ ಸಂಧಿ ಸಮಾಸಗಳಲ್ಲಿ ಅವನಿಗೆ ಎಷ್ಟು ನೆನಪಿದೆಯೋ ತಿಳಿಯದು. ನನ್ನ ಮೇಜಿನ ಖಾನೆಯಲ್ಲಿರುತ್ತಿದ್ದ ಮಾತ್ರೆಯ ಪಟ್ಟಿ ಮಾತ್ರ ಮನಸ್ಸಿನಲ್ಲಿ ಅಚ್ಚಳಿಯದೆ ಉಳಿದಿದೆ! ನಾವು ಬಾಯಿಬಿಟ್ಟು ಕಲಿಸಿದ್ದಕ್ಕಿಂತ ಮಕ್ಕಳು ಕಣ್ಣಿಂದ ಕಲಿತದ್ದೇ ಹೆಚ್ಚೆಂಬುದು ನನಗೆ ಹೊಸ ವಿಷಯವಲ್ಲ. ಆದರೂ ಆ ದಿನ ಅದು ಚುಚ್ಚಿತು. ಅವನೊಡನೆ ಅರ್ಧ ಗಂಟೆ ಮಾತನಾಡಿದೆ. ಇನ್ನೆಷ್ಟು ಜನ ಆ ಖಾನೆಯನ್ನು ನೋಡಿದ್ದಾರೋ ಎಂಬ ಅಳುಕಿನಿಂದ ಈ ಬರಹ.

ನಾನು ವೈದ್ಯನಲ್ಲ, ಕನ್ನಡ ಪಂಡಿತ. ಈ ವಿಷಯದಲ್ಲಿ ನನಗಿರುವ ಅರ್ಹತೆಯೆಂದರೆ ಕಳೆದುಕೊಂಡ ಹಲ್ಲುಗಳು, ಮತ್ತು ಇನ್ನೊಂದು ಪ್ರಸಂಗ. ಅದನ್ನು ಮುಂದೆ ಹೇಳುತ್ತೇನೆ.

ನಮ್ಮ ಕಾಲದಲ್ಲಿ ಈ ಕಾಯಿಲೆಗೆ 'ಪಯೋರಿಯ' ಎಂದೇ ಹೆಸರು. ಈಗಿನ ವೈದ್ಯರು ಪೆರಿಯೊಡಾಂಟೈಟಿಸ್ ಎನ್ನುತ್ತಾರೆ. 1993ರ ಸುಮಾರಿಗೆ ನನ್ನ ಮೇಲಿನ ಮುಂಬಲ್ಲುಗಳ ವಸಡು ಮೊದಲ ಬಾರಿ ಊದಿಕೊಂಡಿತು. ಯಾರೋ ವೈದ್ಯರು ಬರೆದುಕೊಟ್ಟ ಚೀಟಿಯಲ್ಲಿ ಎರಡು ಔಷಧಗಳಿದ್ದವು: ಅಮಾಕ್ಸಿಸಿಲಿನ್ ಮತ್ತು ಮೆಟ್ರೊನಿಡಜೋಲ್. ಮೂರನೆಯ ದಿನಕ್ಕೆ ಊತ ಇಳಿಯಿತು. "ಊತ ಇಳಿದ ಮೇಲೆ ಬನ್ನಿ, ಒಳಗೆ ಶುಚಿ ಮಾಡಬೇಕು" ಎಂದು ಅವರು ಹೇಳಿದ್ದರು. ಊತವೇ ಇಳಿದ ಮೇಲೆ ಹೋಗುವುದೇಕೆ? ನಾನು ಹೋಗಲಿಲ್ಲ.

ಆರು ತಿಂಗಳಿಗೆ ಮತ್ತೆ ಊದಿತು. ಈ ಬಾರಿ ನೇರವಾಗಿ ಔಷಧದಂಗಡಿಗೇ ನಡೆದೆ. ಅಂಗಡಿಯವನು ನನ್ನ ವಿದ್ಯಾರ್ಥಿ. ಬಹಳ ವಿಧೇಯ ಹುಡುಗ. "ಮೇಷ್ಟ್ರೇ, ಚೀಟಿ ಇಲ್ವಾ?" ಎಂದು ಮೆಲ್ಲಗೆ ಕೇಳಿದ. ನಾನು ಅರ್ಧ ತಮಾಷೆ, ಅರ್ಧ ಗದರಿಕೆಯಲ್ಲಿ, "ನನಗೇ ಚೀಟಿ ಕೇಳ್ತೀಯೇನೋ?" ಎಂದೆ. ಅವನು ನಾಚಿ ನಕ್ಕು ಪಟ್ಟಿಯನ್ನು ಕಾಗದದ ಚೀಲಕ್ಕೆ ಹಾಕಿ ಕೊಟ್ಟ. ಮುಂದಿನ ಹದಿನೈದು ವರ್ಷಗಳಲ್ಲಿ ಮತ್ತೊಮ್ಮೆ ಕೇಳಲಿಲ್ಲ. ಅವನ ಮೇಲೆ ಯಾರೂ ತಪ್ಪು ಹೊರಿಸಬೇಡಿ. ಆ ಎರಡು ಔಷಧಗಳೂ ವೈದ್ಯರ ಚೀಟಿಯಿಲ್ಲದೆ ಮಾರಬಾರದವು. ಕಾನೂನು ಅವನಿಗೆ ಗೊತ್ತಿತ್ತು, ಕೇಳಿಯೂ ಕೇಳಿದ. ಕಾನೂನಿಗಿಂತ ಮೇಷ್ಟರ ಮುಖ ದೊಡ್ಡದೆಂದು ಅವನಿಗೆ ಕಲಿಸಿದವನು ನಾನೇ.

ವರ್ಷಕ್ಕೆ ಎರಡು ಮೂರು ಬಾರಿ ಊತ, ಎರಡು ಮೂರು ಬಾರಿ ಮಾತ್ರೆ. ಊತ ಇಳಿದೊಡನೆ ಉಳಿದ ಮಾತ್ರೆಗಳನ್ನು ಮುಂದಿನ ಸಲಕ್ಕೆಂದು ಖಾನೆಯಲ್ಲಿಡುತ್ತಿದ್ದೆ. ಮಿತವ್ಯಯವೆಂದೇ ಭಾವಿಸಿದ್ದೆ! 2008ರಲ್ಲಿ, ನಿವೃತ್ತನಾದ ಎರಡು ವರ್ಷಕ್ಕೆ, ಆ ಎರಡೂ ಮುಂಬಲ್ಲುಗಳು ಬೆರಳಿಗೆ ಅಲುಗಾಡತೊಡಗಿ ಕೊನೆಗೆ ಕೀಳಿಸಬೇಕಾಯಿತು. ತ, ಥ, ದ, ಧ, ನ ಎಂದು ದಂತ್ಯಾಕ್ಷರಗಳನ್ನು ಮೂವತ್ತು ವರ್ಷ ಹೇಳಿಕೊಟ್ಟ ಬಾಯಿಯಲ್ಲಿ ದಂತವೇ ಇಲ್ಲ! ಆಗ ಅಕ್ಷರ ಕಲಿಯುತ್ತಿದ್ದ ಮೊಮ್ಮಗ, "ಅಜ್ಜ, ನೀನು ಹೇಳೋದು ಗೊತ್ತಾಗೋದಿಲ್ಲ, ಅಮ್ಮ ಹೇಳ್ಕೊಡಲಿ" ಎಂದು ಎದ್ದುಹೋದ.

ಉಳಿದ ಹಲ್ಲುಗಳನ್ನಾದರೂ ಉಳಿಸಿಕೊಳ್ಳಬೇಕೆಂದು ಶಿವಮೊಗ್ಗೆಯ ಒಬ್ಬ ವಸಡಿನ ತಜ್ಞ ವೈದ್ಯೆಯ ಬಳಿ ಹೋದೆ. ನನ್ನ ಮಗಳ ವಯಸ್ಸಿನವರು. ಗೆರೆಗಳನ್ನು ಕೊರೆದ ಒಂದು ಸಣ್ಣ ಕಡ್ಡಿಯನ್ನು ಹಲ್ಲು ಮತ್ತು ವಸಡಿನ ನಡುವಿನ ಸಂದಿಗೆ ಇಳಿಸಿ, ಒಂದೊಂದು ಹಲ್ಲಿಗೂ ಆರು ಕಡೆ ಅಳೆದು ಸಹಾಯಕಿಗೆ ಬರೆಸುತ್ತಾ ಹೋದರು: "ಮೂರು, ಐದು, ಏಳು, ಎಂಟು..." ಅಂಕಪಟ್ಟಿ ಓದುವ ದನಿಯಂತೆಯೇ ಇತ್ತು. ಎಂಟೆಂದಾಗ ನನಗೆ ಸಮಾಧಾನವೂ ಆಯಿತು. ಆಮೇಲೆ ತಿಳಿಯಿತು, ಇದು ಕಡಿಮೆ ಅಂಕದವರು ಪಾಸಾಗುವ ಪರೀಕ್ಷೆ ಎಂದು. ಆರೋಗ್ಯವಂತ ವಸಡಿನಲ್ಲಿ ಆ ಸಂದಿ ಮೂರು ಮಿಲಿಮೀಟರಿನೊಳಗೇ ಇರಬೇಕು. ಆಳ ಹೆಚ್ಚಿದಷ್ಟೂ ಒಳಗಿನ ಕೊಳೆ ಬ್ರಷ್ಷಿಗೆ ಸಿಗದು. ಹಲ್ಲನ್ನು ಹಿಡಿದ ಮೂಳೆಯೂ ಕರಗುತ್ತಾ ಹೋಗುತ್ತದೆ. ಇಷ್ಟೆಲ್ಲ ಆಗುವಾಗ ನೋವೇ ಇರುವುದಿಲ್ಲವೆಂಬುದು ಈ ಕಾಯಿಲೆಯ ಕಪಟ.

"ಮಾತ್ರೆ ಬರೆಯುವುದಿಲ್ಲವೇ?" ಎಂದು ಕೇಳಿದೆ. ಆಕೆ ನನ್ನನ್ನೇ ಒಂದು ಪ್ರಶ್ನೆ ಕೇಳಿದರು: "ಸರ್, ಮಳೆಗಾಲದಲ್ಲಿ ನಿಮ್ಮ ಮನೆ ಅಂಗಳದ ಹಾಸುಗಲ್ಲಿಗೆ ಪಾಚಿ ಕಟ್ಟುತ್ತಲ್ಲ, ಅದನ್ನು ಹೇಗೆ ತೆಗೀತೀರಿ?"

ಮಲೆನಾಡಿನವನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪಾಚಿಯ ಮೇಲೆ ಬ್ಲೀಚಿಂಗ್ ಪುಡಿ ಉದುರಿಸಿದರೆ ಮೇಲ್ಪದರ ಬಿಳಚಿಕೊಂಡು ಸತ್ತಂತೆ ಕಾಣುತ್ತದೆ. ಅಡಿಯ ಪದರ ಹಾಗೆಯೇ ಕೂತಿರುತ್ತದೆ. ಮುಂದಿನ ಮಳೆಗೆ ಮತ್ತೆ ಹಸಿರು. ಗುದ್ದಲಿಯಿಂದ ಕೆರೆದು, ಹಿಡಿಕಡ್ಡಿಯಿಂದ ತಿಕ್ಕಿದರೇ ಕಲ್ಲು ಕಾಣುವುದು. ಹಲ್ಲಿನ ಮೇಲೆ ಕಟ್ಟುವುದೂ ಅಂಥದೇ ಪಾಚಿ. ರೋಗಾಣುಗಳು ತಮ್ಮ ಸುತ್ತ ಅಂಟಿನಂಥ ಹೊದಿಕೆ ನೇಯ್ದುಕೊಂಡು, ಪದರಪದರವಾಗಿ ಊರು ಕಟ್ಟಿಕೊಂಡಿರುತ್ತವೆ. ರಕ್ತದಲ್ಲಿ ಹರಿದು ಬರುವ ಔಷಧ ಆ ಹೊದಿಕೆಯನ್ನು ಪೂರ್ತಿಯಾಗಿ ಭೇದಿಸಲಾರದು. ಬಿಡಿಯಾಗಿ ತೇಲುವ ರೋಗಾಣುವನ್ನು ಕೊಲ್ಲುವ ಪ್ರಮಾಣಕ್ಕಿಂತ ನೂರಾರು ಪಟ್ಟು ಹೆಚ್ಚು ಬೇಕಾದೀತು. ಪಾಚಿ ಗಟ್ಟಿಯಾಗಿ ಕಲ್ಲಿನಂತಾದ ಕಿಟ್ಟಕ್ಕಂತೂ ಯಾವ ಮಾತ್ರೆಯೂ ಏನೂ ಮಾಡದು.

ಇದು ಹೊಸ ಅರಿವೆಂದು ನಾನು ತಿಳಿದಿದ್ದೆ. ಮೊಮ್ಮಗಳು ಅಂತರಜಾಲದಲ್ಲಿ ಹುಡುಕುವುದನ್ನು ಹೇಳಿಕೊಟ್ಟ ಮೇಲೆ ನೋಡಿದರೆ ಅದಕ್ಕೆ ಮುನ್ನೂರು ವರ್ಷಕ್ಕೂ ಹೆಚ್ಚಿನ ಇತಿಹಾಸವಿದೆ. ಹಾಲೆಂಡಿನ ಡೆಲ್ಫ್ಟ್ ಎಂಬ ಊರಿನ ಬಟ್ಟೆ ವ್ಯಾಪಾರಿ ಲೀವೆನ್‌ಹುಕ್, ತಾನೇ ಉಜ್ಜಿ ಮಾಡಿದ ಮಸೂರದಲ್ಲಿ ತನ್ನ ಹಲ್ಲಿನ ಕೊಳೆಯನ್ನು ನೋಡಿ, ಅದರಲ್ಲಿ ಓಡಾಡುವ ಸೂಕ್ಷ್ಮಜೀವಿಗಳ ಬಗ್ಗೆ 1683ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದ. ಆತ ಕಡುವಾದ ವಿನೆಗರಿನಿಂದ ಬಾಯಿ ಮುಕ್ಕಳಿಸಿ ಮತ್ತೆ ಕೊಳೆ ತೆಗೆದು ನೋಡಿದ. ಜೀವಿಗಳು ಇನ್ನೂ ಬದುಕಿದ್ದವು. ಅದೇ ಕೊಳೆಯನ್ನು ಹೊರಗೆ ಕೆರೆದು ವಿನೆಗರಿನಲ್ಲಿ ಕಲಸಿದರೆ ಆ ಕೂಡಲೇ ಸತ್ತವು. ವಿನೆಗರು ಹೊರಗಿನವನ್ನು ಮಾತ್ರ ಕೊಂದಿತು, ಒಳಕ್ಕೆ ಇಳಿಯಲಿಲ್ಲ ಎಂದು ಆತ ತೀರ್ಮಾನಿಸಿದ. ಬಟ್ಟೆ ವ್ಯಾಪಾರಿಗೆ ಹೊಳೆದದ್ದು ಈ ಪಂಡಿತನಿಗೆ ಹದಿನೈದು ವರ್ಷ ಹೊಳೆಯಲಿಲ್ಲ.

ಹಾಗಾದರೆ ಮಾತ್ರೆ ನಿರುಪಯೋಗಿಯೇ? ಹಾಗೆಂದರೆ ಅದೂ ಸುಳ್ಳಾಗುತ್ತದೆ. ಮೆಟ್ರೊನಿಡಜೋಲಿನ ಕಥೆಯನ್ನೇ ನೋಡಿ. ಅದು ಬೇರೊಂದು ಸೋಂಕಿಗೆಂದು ಬಂದ ಔಷಧ. 1962ರಲ್ಲಿ ಇಂಗ್ಲೆಂಡಿನಲ್ಲಿ ಒಬ್ಬ ಹೆಂಗಸು ಸ್ತ್ರೀಯರ ಸೋಂಕೊಂದಕ್ಕೆ ಅದನ್ನು ಸೇವಿಸುತ್ತಿದ್ದಾಗ, ಅವಳ ವಸಡಿನ ತೀವ್ರ ಹುಣ್ಣೂ ಜೊತೆಯಲ್ಲೇ ವಾಸಿಯಾಯಿತು. ಶಿನ್ ಎಂಬ ದಂತವೈದ್ಯರು ಇದನ್ನು ಗಮನಿಸಿ ಲ್ಯಾನ್ಸೆಟ್ ಪತ್ರಿಕೆಗೆ ಬರೆದರು. ಗಾಳಿಯಿಲ್ಲದ ಕಡೆ ಬೆಳೆಯುವ ರೋಗಾಣುಗಳ ಮೇಲೆ ಈ ಔಷಧ ಪರಿಣಾಮಕಾರಿ ಎಂಬುದು ಹೀಗೆ ವಸಡಿನ ಮೂಲಕವೇ ಬೆಳಕಿಗೆ ಬಂತು. ಮುಂದೆ 1989ರಲ್ಲಿ ಹಾಲೆಂಡಿನ ವಾನ್ ವಿಂಕಲ್‌ಹಾಫ್ ಮತ್ತು ಸಂಗಡಿಗರು ಅದಕ್ಕೆ ಅಮಾಕ್ಸಿಸಿಲಿನ್ ಜೋಡಿಸಿ, ಒಂದು ನಿರ್ದಿಷ್ಟ ರೋಗಾಣುವಿನಿಂದ ವಸಡು ಕೆಟ್ಟವರಿಗೆ ಕೊಟ್ಟು ಒಳ್ಳೆಯ ಫಲ ಕಂಡರು. ನನ್ನ ಖಾನೆಯಲ್ಲಿದ್ದದ್ದು ಇದೇ ಜೋಡಿ. ಆದರೆ ಅವರು ವಸಡಿನ ಒಳಗೆ ಶುಚಿಗೊಳಿಸಿದ್ದರ ಜೊತೆಗೆ ಕೊಟ್ಟಿದ್ದರು. ನಾನು ಆ 'ಜೊತೆಗೆ' ಎಂಬ ಪದವನ್ನೇ ನುಂಗಿಬಿಟ್ಟಿದ್ದೆ. ಅನ್ನವನ್ನು ಬಿಟ್ಟು ಹದಿನೈದು ವರ್ಷ ಬರೀ ಉಪ್ಪಿನಕಾಯಿ ನೆಕ್ಕಿದ ಹಾಗೆ.

ಜೊತೆಗೆ ಕೊಟ್ಟರೆ ಎಷ್ಟು ಲಾಭ? ಇಲ್ಲಿ ವಿದ್ವಾಂಸರಲ್ಲೇ ಚರ್ಚೆಯಿದೆ. ಜರ್ಮನಿಯಲ್ಲಿ ಐನೂರಕ್ಕೂ ಹೆಚ್ಚು ರೋಗಿಗಳನ್ನು ಸೇರಿಸಿಕೊಂಡು ನಡೆಸಿದ ಒಂದು ದೊಡ್ಡ ಪರೀಕ್ಷೆಯ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಎರಡು ಗುಂಪಿಗೂ ಶುಚಿ ಮಾಡಿದರು. ಒಂದು ಗುಂಪಿಗೆ ಏಳು ದಿನ ಈ ಜೋಡಿ ಮಾತ್ರೆ, ಇನ್ನೊಂದಕ್ಕೆ ಔಷಧವಿಲ್ಲದ ತೋರಿಕೆಯ ಮಾತ್ರೆ. ಇಪ್ಪತ್ತೇಳು ತಿಂಗಳು ಕಳೆದ ಮೇಲೆ ಅಳೆದರೆ, ರೋಗ ಮುಂದುವರಿದ ಜಾಗಗಳು ಮಾತ್ರೆ ತೆಗೆದುಕೊಂಡವರಲ್ಲಿ ಶೇಕಡಾ 5.3, ಉಳಿದವರಲ್ಲಿ 7.8. ವ್ಯತ್ಯಾಸ ಇದೆ, ಆದರೆ ಸಣ್ಣದು. ಮಾತ್ರೆಯಿಲ್ಲದೆ ಕೇವಲ ಶುಚಿ ಮಾಡಿಸಿಕೊಂಡವರಲ್ಲಿಯೂ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜಾಗಗಳಲ್ಲಿ ರೋಗ ನಿಂತಿತ್ತೆಂಬುದನ್ನು ಗಮನಿಸಿ. ನನ್ನ ಕಣ್ಣಿಗೆ ಬಿದ್ದ ಅಂಕಿ ಅದು. 2020ರಲ್ಲಿ ಕಾಕ್ರೇನ್ ಸಂಸ್ಥೆಯವರು ಇಂಥ 45 ಪರೀಕ್ಷೆಗಳನ್ನು ಒಟ್ಟಿಗಿಟ್ಟು ತೂಗಿ, ದೀರ್ಘಕಾಲದಲ್ಲಿ ಮಾತ್ರೆಯಿಂದ ಪ್ರಯೋಜನವಿದೆಯೆನ್ನಲು ಸಿಗುವ ಆಧಾರ ತೀರಾ ದುರ್ಬಲವೆಂದರು. ಅದೇ ವರ್ಷ ಯುರೋಪಿನ ವಸಡು ತಜ್ಞರ ಒಕ್ಕೂಟ, ಎಲ್ಲರಿಗೂ ವಾಡಿಕೆಯಂತೆ ಮಾತ್ರೆ ಕೊಡಬಾರದು, ಚಿಕ್ಕ ವಯಸ್ಸಿನಲ್ಲೇ ಬಾಯಿತುಂಬ ರೋಗ ಹರಡಿದಂಥ ಕೆಲವರಿಗೆ ಮಾತ್ರ ಯೋಚಿಸಬಹುದು ಎಂದು ಮಾರ್ಗಸೂಚಿ ಹೊರಡಿಸಿತು. ಕೀವುಗಟ್ಟಿ, ಮುಖ ಊದಿ, ಜ್ವರ ಬಂದರೆ ಅದು ಬೇರೆಯೇ ಮಾತು. ಆಗ ವೈದ್ಯರು ಮಾತ್ರೆ ಬರೆದರೆ ತಪ್ಪದೆ ತೆಗೆದುಕೊಳ್ಳಿ.

ಇನ್ನು ಮೊದಲು ಹೇಳಿದ ಆ ಪ್ರಸಂಗ. ಬರೆಯಲೋ ಬೇಡವೋ ಎಂದು ಬಹಳ ಯೋಚಿಸಿದೆ. ಅಕ್ಕನನ್ನು ಕೇಳಿದೆ, "ಬರಿ, ನಾಲ್ಕು ಜನಕ್ಕೆ ತಿಳಿಯಲಿ" ಎಂದಳು.

2018ರಲ್ಲಿ ದಾವಣಗೆರೆಯಿಂದ ಭಾವ ದೂರವಾಣಿ ಮಾಡಿದರು. ವಸಡು ಊದಿದೆ, ಊಟ ಮಾಡಲಾಗುತ್ತಿಲ್ಲ ಎಂದರು. ಆ ಹೊತ್ತಿಗೆ ನನ್ನ ಸ್ವಂತ ವಸಡಿನ ಪಾಠ ನನಗೆ ಆಗಿತ್ತು. ಆದರೂ ನಾಲಿಗೆ ಹಳೆಯ ದಾರಿಯನ್ನೇ ಹಿಡಿಯಿತು. "ಸದ್ಯಕ್ಕೆ ಇದನ್ನು ತಗೊಳ್ಳಿ ಭಾವ, ಊತ ಇಳೀಲಿ, ಆಮೇಲೆ ಡಾಕ್ಟರ ಹತ್ತಿರ ಹೋದರಾಯ್ತು" ಎಂದು ಮೆಟ್ರೊನಿಡಜೋಲಿನ ಹೆಸರು ಬರೆಸಿದೆ. ಭಾವನವರಿಗೆ ಹೃದಯದ ಕವಾಟ ಬದಲಾಯಿಸಿತ್ತು. ರಕ್ತ ಹೆಪ್ಪುಗಟ್ಟದಿರಲೆಂದು ದಿನವೂ ವಾರ್ಫರಿನ್ ಸೇವಿಸುತ್ತಿದ್ದರು. ನನಗೆ ಅದು ಗೊತ್ತಿತ್ತು. ಈ ಎರಡು ಔಷಧಗಳು ಒಂದಕ್ಕೊಂದು ಆಗದವೆಂಬುದು ಗೊತ್ತಿರಲಿಲ್ಲ. ಮೆಟ್ರೊನಿಡಜೋಲ್ ಸೇರಿದರೆ ವಾರ್ಫರಿನ್ ದೇಹದಲ್ಲಿ ಕರಗದೆ ಉಳಿದು, ಅದರ ಪರಿಣಾಮ ಮಿತಿಮೀರಿ ಏರುತ್ತದೆ.

ಐದನೆಯ ದಿನ ಅವರ ಮುಂಗೈಗಳ ಮೇಲೆ ನೀಲಿ ಕಲೆಗಳೆದ್ದವು. ಮರುದಿನ ಮೂತ್ರದಲ್ಲಿ ರಕ್ತ. ಆಸ್ಪತ್ರೆಗೆ ಸೇರಿಸಿದರು. ನಾನು ರಾತ್ರಿಯ ಬಸ್ಸು ಹಿಡಿದು ಹೋದಾಗ ಅಕ್ಕ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತಿದ್ದಳು. ಬೈಯಲಿಲ್ಲ. "ನೀನು ಹೇಳಿದೆ ಅಂತ ತಗೊಂಡ್ರು ಕಣೋ" ಎಂದಳು, ಅಷ್ಟೆ. ಭಾವ ಉಳಿದುಕೊಂಡರು. ಆ ಒಂದು ವಾಕ್ಯ ನನ್ನ ಕಿವಿಯಲ್ಲಿ ಈಗಲೂ ಇದೆ.

ಆದ್ದರಿಂದ ನನ್ನ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ವಸಡಿನ ಕಾಯಿಲೆಗೆ ಔಷಧದಂಗಡಿಯಲ್ಲಿ ಮಾತ್ರೆ ಕೇಳುವುದನ್ನು ನಾವು ಬಿಡಬೇಕು. ಅದನ್ನು ಮೊದಲು ಬಿಡಬೇಕಾದವರು ಊರಿನಲ್ಲಿ ನಾಲ್ಕು ಜನ ಮಾತು ಕೇಳುವಂಥವರು: ಮೇಷ್ಟರು, ಮನೆಯ ಹಿರಿಯರು. ಮಾತ್ರೆಯ ಪಟ್ಟಿಯ ಬೆನ್ನ ಮೇಲಿನ ಕೆಂಪು ಗೆರೆ ಏಕಿದೆಯೆಂದು 2016ರಲ್ಲಿ ಕೇಂದ್ರ ಸರಕಾರ ಪ್ರಚಾರ ಮಾಡಿತು. ಚೀಟಿಯಿಲ್ಲದೆ ಇದನ್ನು ಸೇವಿಸಬೇಡಿ ಎಂದು ಅದರ ಅರ್ಥ. ಓದು ಬಾರದವರಿಗೂ ತಿಳಿಯಲೆಂದು ಎಳೆದ ಗೆರೆ ಅದು. ಓದು ಬಲ್ಲ ನಾವು ಎಷ್ಟು ಜನ ಅದನ್ನು ನೋಡಿದ್ದೇವೆ?

ಇದು ನಮ್ಮ ಬಾಯಿಯ ಸಂಗತಿ ಮಾತ್ರವೂ ಅಲ್ಲ. ಆ ವಾನ್ ವಿಂಕಲ್‌ಹಾಫ್ ಅವರೇ 2000ದಲ್ಲಿ ಹಾಲೆಂಡಿನ ಮತ್ತು ಸ್ಪೇನಿನ ವಸಡು ರೋಗಿಗಳ ರೋಗಾಣುಗಳನ್ನು ಹೋಲಿಸಿ ನೋಡಿದರು. ಆಂಟಿಬಯೋಟಿಕ್ ಬಳಕೆ ಹೆಚ್ಚಿದ್ದ ಸ್ಪೇನಿನಲ್ಲಿ ಔಷಧಕ್ಕೆ ಬಗ್ಗದ ರೋಗಾಣುಗಳೂ ಹೆಚ್ಚಿದ್ದವು. ಔಷಧಕ್ಕೆ ಬಗ್ಗದ ಸೋಂಕುಗಳಿಂದಲೇ 2019ರಲ್ಲಿ ಜಗತ್ತಿನಲ್ಲಿ ಸುಮಾರು 12 ಲಕ್ಷ 70 ಸಾವಿರ ಜನ ಸತ್ತರೆಂದು ಲ್ಯಾನ್ಸೆಟ್ ಪತ್ರಿಕೆಯ ಲೆಕ್ಕ. ನಾನು ಖಾನೆಯಲ್ಲಿ ಉಳಿಸಿಟ್ಟ ಅರೆಬರೆ ಮಾತ್ರೆಗಳೂ ಆ ಲೆಕ್ಕಕ್ಕೆ ತಮ್ಮ ಪಾಲು ಸೇರಿಸಿರಬಹುದೇನೋ.

ಆದರೆ ಜನರನ್ನಷ್ಟೇ ದೂರುವುದು ನನಗೆ ಒಪ್ಪಿಗೆಯಿಲ್ಲ. ಮಾತ್ರೆಯ ಪಟ್ಟಿ ಅಗ್ಗ, ಐದು ನಿಮಿಷದ ಕೆಲಸ. ವಸಡಿನ ಕೆಳಗೆ ಶುಚಿ ಮಾಡಿಸಲು ಮೂರು ನಾಲ್ಕು ಬಾರಿ ಪೇಟೆಗೆ ಹೋಗಬೇಕು; ಬಸ್ಸಿನ ಖರ್ಚು, ಕಳೆದುಕೊಂಡ ಕೂಲಿ, ವೈದ್ಯರ ಶುಲ್ಕ ಎಲ್ಲ ಸೇರಿದರೆ ಬಡವನಿಗೆ ದೊಡ್ಡ ಮೊತ್ತ. ಸರಕಾರಿ ಆಸ್ಪತ್ರೆಯಲ್ಲಿ ಬಾಗಿಲ ತನಕ ಸಾಲು ನಿಂತಿರುವಾಗ ಒಬ್ಬರ ಬಾಯಿಯನ್ನು ಮುಕ್ಕಾಲು ಗಂಟೆ ಕೆರೆಯುತ್ತಾ ಕೂರಲು ವೈದ್ಯರಿಗೂ ಪುರಸೊತ್ತಿಲ್ಲ. ಬರಿಗೈಯಲ್ಲಿ ಕಳಿಸಿದರೆ ನಮ್ಮವರು "ಆ ಡಾಕ್ಟರಿಗೆ ಏನೂ ಗೊತ್ತಿಲ್ಲ, ಒಂದು ಮಾತ್ರೇನೂ ಬರೀಲಿಲ್ಲ" ಎನ್ನುತ್ತಾರೆ. ಹೀಗೆ ಎರಡೂ ಕಡೆಯವರು ಸೇರಿ ಒಂದು ಮಾತ್ರೆಯಲ್ಲಿ ರಾಜಿಯಾಗುತ್ತೇವೆ. ತಾಲ್ಲೂಕು ಆಸ್ಪತ್ರೆಯಲ್ಲಿ ಈ ಕೆಲಸಕ್ಕೇ ಒಬ್ಬರು ತರಬೇತಾದವರು ಇರಬೇಕೆಂದು ಕೇಳುವುದು, ಹಲ್ಲು ಹೋದ ಮೇಲೆ ಕಟ್ಟಿಸಿಕೊಡಿ ಎಂದು ಕೇಳುವುದಕ್ಕಿಂತ ನ್ಯಾಯವಾದ ಬೇಡಿಕೆ. ದಂತವೈದ್ಯ ಕಾಲೇಜುಗಳಿರುವ ಊರುಗಳಲ್ಲಿ ಕಡಿಮೆ ಖರ್ಚಿನಲ್ಲಿ ಮಾಡುತ್ತಾರೆ, ವಿಚಾರಿಸಿ ನೋಡಿ.

ಇನ್ನೊಂದು ಹೆದರಿಕೆ ನಮ್ಮಲ್ಲಿ ಬೇರೂರಿದೆ: "ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ." ನಾನೂ ನಂಬಿದ್ದೆ. ನಿಜವೆಂದರೆ ಹಲ್ಲು ಮೊದಲೇ ಸಡಿಲಾಗಿರುತ್ತದೆ; ಸುತ್ತ ಕಟ್ಟಿದ ಕಿಟ್ಟ ಹಳೆಯ ಗೋಡೆಗೆ ಮೆತ್ತಿದ ಮಣ್ಣಿನಂತೆ ಅದನ್ನು ತಾತ್ಕಾಲಿಕವಾಗಿ ಹಿಡಿದಿರುತ್ತದೆ. ಕಿಟ್ಟ ತೆಗೆದು ಊತ ಇಳಿದಾಗ ಸಂದಿ ಕಾಣುತ್ತದೆ, ತಣ್ಣೀರು ಜುಮ್ಮೆನ್ನುತ್ತದೆ. ಕೆಲವು ವಾರಗಳಲ್ಲಿ ವಸಡು ಬಿಗಿಯಾಗುತ್ತದೆ. ನನಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು ನಾಲ್ಕು ಸಲ ಶುಚಿ ಮಾಡಿದರು. ಮೂರು ತಿಂಗಳ ನಂತರ ಮತ್ತೆ ಅಳೆದಾಗ ಎಂಟು ಇದ್ದದ್ದು ಐದಕ್ಕೆ, ಏಳು ಇದ್ದದ್ದು ನಾಲ್ಕಕ್ಕೆ ಇಳಿದಿತ್ತು. ಒಂದು ಮಾತ್ರೆಯನ್ನೂ ಬರೆದಿರಲಿಲ್ಲ. ಅಂದು ಉಳಿದ ಇಪ್ಪತ್ತೆರಡು ಹಲ್ಲುಗಳಲ್ಲಿ ಇಪ್ಪತ್ತೊಂದು ಇಂದಿಗೂ ಇವೆ. ಆರು ತಿಂಗಳಿಗೊಮ್ಮೆ ಹೋಗಿ ಬರುತ್ತೇನೆ. ಮಧುಮೇಹವಿರುವ ನಮ್ಮ ಬಂಧುಗಳಿಗೆ ಒಂದು ಮಾತು: ವಸಡಿನ ಚಿಕಿತ್ಸೆ ಆದ ಮೂರು ನಾಲ್ಕು ತಿಂಗಳಲ್ಲಿ ನಿಮ್ಮ ಎಚ್‌ಬಿಎ1ಸಿ ಸರಾಸರಿ 0.4ರಷ್ಟು ಇಳಿಯುತ್ತದೆಂದು 2022ರ ಕಾಕ್ರೇನ್ ವಿಮರ್ಶೆ ಹೇಳುತ್ತದೆ.

ಆಸ್ಪತ್ರೆಯಿಂದ ಬಂದು ಎರಡು ತಿಂಗಳಾದ ಮೇಲೆ ಭಾವನವರನ್ನು ನಾನೇ ದಂತವೈದ್ಯರ ಬಳಿ ಕರೆದುಕೊಂಡು ಹೋದೆ. ಆಕೆ ಮೊದಲು ಅವರ ಹೃದಯದ ವೈದ್ಯರೊಡನೆ ಮಾತನಾಡಿ, ರಕ್ತ ಪರೀಕ್ಷೆಯ ವರದಿ ತರಿಸಿಕೊಂಡರು. ಆಮೇಲೆ ಹೇಳಿದ್ದು ಕೇಳಿ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕವಾಟ ಬದಲಾಯಿಸಿದವರಿಗೆ ವಸಡು ಕೆರೆಯುವಾಗ ರೋಗಾಣುಗಳು ರಕ್ತಕ್ಕೆ ನುಗ್ಗಿ ಕವಾಟದ ಮೇಲೆ ಕೂರುವ ಅಪಾಯವಿದೆಯಂತೆ. ಆದ್ದರಿಂದ ಶುಚಿ ಮಾಡುವ ಮೊದಲು, ಒಂದೇ ಒಂದು ಬಾರಿ, ಅಮಾಕ್ಸಿಸಿಲಿನ್ ಕೊಡಲೇಬೇಕಂತೆ. ಅದು ವಸಡಿಗಲ್ಲ, ಹೃದಯಕ್ಕೆ. ನಮ್ಮ ಇಡೀ ಕುಟುಂಬದಲ್ಲಿ ಆ ಮಾತ್ರೆ ನಿಜವಾಗಿ ಬೇಕಾಗಿದ್ದವರು ಅವರೊಬ್ಬರೇ!

ಚೀಟಿ ಹಿಡಿದು ಎದುರಿನ ಅಂಗಡಿಗೆ ಹೋದೆ. ಅಂಗಡಿಯ ಹುಡುಗ ಚೀಟಿ ಓದಿ, ಐನೂರು ಮಿಲಿಗ್ರಾಮಿನ ನಾಲ್ಕು ಕ್ಯಾಪ್ಸೂಲುಗಳನ್ನು ಕತ್ತರಿಸಿ ಕೊಟ್ಟ. ಭಾವ ಒಂದೊಂದಾಗಿ ನಾಲ್ಕನ್ನೂ ನುಂಗಿ ನೀರು ಕುಡಿದರು. ಒಂದು ಗಂಟೆ ಕಾದ ಮೇಲೆ ಒಳಗೆ ಕರೆದರು. ನಾನು ಹೊರಗಿನ ಬೆಂಚಿನ ಮೇಲೆ ಅಕ್ಕನ ಪಕ್ಕದಲ್ಲಿ ಕೂತೆ. ಒಳಗಿನಿಂದ ಅಂಕಿಗಳನ್ನು ಓದಿ ಬರೆಸುವ ದನಿ ಕೇಳಿಸುತ್ತಿತ್ತು.